ಮಾರಾ ನದಿ ದಾಟುವ ಹಿಂಡನ್ನು ನೋಡಲೇಬೇಕೆಂದು ಹೊರಟವರಿಗೆ: ಕೀನ್ಯಾ ಸಫಾರಿಯ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕೀನ್ಯಾದ ವನ್ಯಜೀವಿ ರಿಸರ್ವ್ ಆದ ಮಸಾಯಿ ಮಾರಾಕ್ಕೆ ಹೋಗಿ ಬಂದವರಲ್ಲಿ ಬಹಳಷ್ಟು ಜನ ಸಿಂಹ ನೋಡಿರುತ್ತಾರೆ, ಆನೆ ನೋಡಿರುತ್ತಾರೆ, ಜಿರಾಫೆ ನೋಡಿರುತ್ತಾರೆ. ವೈಲ್ಡ್‌ಬೀಸ್ಟ್ (ದನದ ಹಾಗೆ ಕಾಣುವ ದೊಡ್ಡ ಹುಲ್ಲೆ) ಹಿಂಡು ಮಾರಾ ನದಿಗೆ ಧುಮುಕಿದ್ದನ್ನು ನೋಡಿದಿರಾ ಎಂದು ಕೇಳಿದರೆ ಮಾತ್ರ, "ಇಲ್ಲ, ನಾವು ಹೋದಾಗ ದಾಟಲಿಲ್ಲ" ಎನ್ನುತ್ತಾರೆ. ಅದೃಷ್ಟ ಇರಲಿಲ್ಲ ಎಂದು ಸುಮ್ಮನಾಗುತ್ತಾರೆ.

ಅದೃಷ್ಟದ ಪಾಲು ಇದೆ, ನಿಜ. ಆದರೆ ಹೆಚ್ಚಿನವರು ತಪ್ಪುವುದು ಕೆಲಸದ ಕ್ರಮದಲ್ಲಿ. ಮೊದಲು ಅಗ್ಗದ ವಿಮಾನ ಟಿಕೆಟ್ ತೆಗೆಯುತ್ತಾರೆ. ಆಮೇಲೆ ಆ ದಿನಗಳಿಗೆ ಹೊಂದುವ ಪ್ಯಾಕೇಜ್ ಹುಡುಕುತ್ತಾರೆ. ನದಿ ಎಲ್ಲಿದೆ, ತಮ್ಮ ಕ್ಯಾಂಪ್ ಎಲ್ಲಿದೆ ಎಂದು ನೋಡುವುದು ಅಲ್ಲಿಗೆ ತಲುಪಿದ ಮೇಲೆ. ಈ ಕ್ರಮವನ್ನು ತಲೆಕೆಳಗು ಮಾಡಿ: ತಿಂಗಳು, ರಾತ್ರಿಗಳು, ಜಾಗ, ವಾಹನ, ಕೊನೆಗೆ ವಿಮಾನ.

## ಹಂತ 1: ತಿಂಗಳು ಆರಿಸಿ

ಸುಮಾರು 13 ಲಕ್ಷ ವೈಲ್ಡ್‌ಬೀಸ್ಟ್‌ಗಳು, ಜೊತೆಗೆ ಲಕ್ಷಗಟ್ಟಲೆ ಜೀಬ್ರಾ ಮತ್ತು ಗೆಜೆಲ್ ಎಂಬ ಸಣ್ಣ ಹುಲ್ಲೆಗಳು ಮಳೆ ಮತ್ತು ಹುಲ್ಲಿನ ಬೆನ್ನು ಹತ್ತಿ ವರ್ಷವಿಡೀ ಸುತ್ತುತ್ತಿರುತ್ತವೆ. ಜನವರಿಯಿಂದ ಮಾರ್ಚ್‌ವರೆಗೆ ತಾಂಜಾನಿಯಾದ ದಕ್ಷಿಣ ಸೆರೆಂಗೆಟಿಯಲ್ಲಿ, ನ್ದುಟು ಸುತ್ತಮುತ್ತ ಇರುತ್ತವೆ. ಮರಿ ಹಾಕುವುದು ಅಲ್ಲೇ. ಮೇ, ಜೂನ್ ಹೊತ್ತಿಗೆ ಸೆರೆಂಗೆಟಿಯ ಪಶ್ಚಿಮಕ್ಕೆ, ಗ್ರುಮೆಟಿ ನದಿಯ ಕಡೆಗೆ ಸರಿಯುತ್ತವೆ. ಜುಲೈನಿಂದ ಅಕ್ಟೋಬರ್‌ವರೆಗೆ ಉತ್ತರ ಸೆರೆಂಗೆಟಿ ಮತ್ತು ಕೀನ್ಯಾದ ಮಾರಾದಲ್ಲಿ ಇರುತ್ತವೆ. ನವೆಂಬರ್‌ನ ಸಣ್ಣ ಮಳೆ ಶುರುವಾದರೆ ಮತ್ತೆ ದಕ್ಷಿಣಕ್ಕೆ.

ಕೀನ್ಯಾ ಕಡೆಯಿಂದ ನದಿ ದಾಟುವುದನ್ನು ನೋಡಬೇಕಾದರೆ ಆಗಸ್ಟ್ ಮತ್ತು ಸೆಪ್ಟೆಂಬರ್ ಆರಿಸಿ. ಜುಲೈ ಮೊದಲ ವಾರಕ್ಕೆ ಟಿಕೆಟ್ ತೆಗೆದರೆ ಹಿಂಡು ಇನ್ನೂ ತಾಂಜಾನಿಯಾದಲ್ಲೇ ಇರಬಹುದು. ಮಳೆ ಹಿಂದೆ ಮುಂದೆ ಆದರೆ ಇಡೀ ಲೆಕ್ಕವೇ ವಾರಗಟ್ಟಲೆ ಜರುಗುತ್ತದೆ. "ಆಗಸ್ಟ್ 14ಕ್ಕೆ ದಾಟುತ್ತವೆ" ಎಂದು ಯಾರಾದರೂ ಖಚಿತವಾಗಿ ಹೇಳಿದರೆ ಅವರಿಂದ ಏನೂ ಕೊಳ್ಳಬೇಡಿ.

ಮಕ್ಕಳ ರಜೆ ನೋಡಿ ಹೊರಡುವವರಿಗೆ ಒಂದು ಮಾತು. ನಮ್ಮ ಬೇಸಿಗೆ ರಜೆ ಏಪ್ರಿಲ್–ಮೇ. ಅದು ಮಾರಾದಲ್ಲಿ ದೊಡ್ಡ ಮಳೆಗಾಲ, ಹಿಂಡೂ ಇರುವುದಿಲ್ಲ. ದಸರಾ ರಜೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿಗೆ ಬಂದ ವರ್ಷ ನಿಮ್ಮ ನಸೀಬು ಚೆನ್ನಾಗಿದೆ ಎಂದುಕೊಳ್ಳಿ.

ನದಿ ದಾಟುವುದೇ ಬೇಕಿಲ್ಲ, ಸಿಂಹ, ಚೀತಾ ಸಾಕು ಎನ್ನುವವರು ಜನವರಿ, ಫೆಬ್ರುವರಿಗೆ ಹೋಗಿ. ಗದ್ದಲ ಕಮ್ಮಿ, ಪ್ರವೇಶ ಶುಲ್ಕ ಅರ್ಧ.

## ಹಂತ 2: ರಾತ್ರಿಗಳ ಲೆಕ್ಕ ಹಾಕಿ

ಮಾರಾದಲ್ಲೇ ಕನಿಷ್ಠ 4 ರಾತ್ರಿ. ಇದಕ್ಕಿಂತ ಕಡಿಮೆ ಬೇಡ.

"3 ಹಗಲು 2 ರಾತ್ರಿ" ಪ್ಯಾಕೇಜನ್ನು ಬಿಡಿಸಿ ನೋಡಿ. ನೈರೋಬಿಯಿಂದ ರಸ್ತೆಯಲ್ಲಿ 5–6 ಗಂಟೆ. ಮೊದಲ ದಿನ ಊಟದ ಹೊತ್ತಿಗೆ ತಲುಪಿ ಸಂಜೆ ಸ್ವಲ್ಪ ತಿರುಗುತ್ತೀರಿ. ಮೂರನೇ ದಿನ ತಿಂಡಿ ಮುಗಿಸಿ ಹೊರಡುತ್ತೀರಿ. ನದಿಗೆ ಸಿಕ್ಕಿದ್ದು ಮಧ್ಯದ ಒಂದೇ ದಿನ. ಆ ದಿನ ಹಿಂಡು ದಡಕ್ಕೆ ಬಂದು ವಾಪಸ್ ಹೋದರೆ ಮುಗಿಯಿತು.

ಇನ್ನೊಂದು ಸಾಮಾನ್ಯ ತಪ್ಪು, ಒಂದೇ ವಾರದಲ್ಲಿ ಕೀನ್ಯಾದ ಬೇರೆ ಸಫಾರಿ ಜಾಗಗಳಾದ ಅಂಬೋಸೆಲಿ, ನೈವಾಶಾ, ನಕುರು, ಜೊತೆಗೆ ಮಾರಾ ಎಲ್ಲವನ್ನೂ ತುರುಕುವುದು. ಅಂಬೋಸೆಲಿಯಿಂದ ಮಾರಾಕ್ಕೆ ರಸ್ತೆಯಲ್ಲಿ ಹೋದರೆ ಒಂದು ಹಗಲು ಪೂರ್ತಿ ಕಾರಿನಲ್ಲೇ ಕಳೆಯುತ್ತದೆ. ಅಷ್ಟು ದೂರ ಹೋಗಿ ಹೆದ್ದಾರಿ ನೋಡುವುದಕ್ಕೆ ದುಡ್ಡು ಕೊಡಬೇಕಾ? ಒಂದು ವಾರ ಇದ್ದರೆ ಮಾರಾ ಜೊತೆ ಇನ್ನೊಂದೇ ಜಾಗ ಇಟ್ಟುಕೊಳ್ಳಿ.

ಪ್ರವೇಶ ಶುಲ್ಕ ಇಲ್ಲೇ ಲೆಕ್ಕಕ್ಕೆ ಬರಬೇಕು. 2024ರಿಂದ ವಿದೇಶಿ ವಯಸ್ಕರಿಗೆ ದಿನಕ್ಕೆ ಜನವರಿ–ಜೂನ್‌ನಲ್ಲಿ 100 ಡಾಲರ್, ಜುಲೈ–ಡಿಸೆಂಬರ್‌ನಲ್ಲಿ 200 ಡಾಲರ್. ಟಿಕೆಟ್ ನಡೆಯುವುದು ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ, 24 ಗಂಟೆ ಅಲ್ಲ. ಅಂದರೆ 4 ದಿನ ಒಳಗೆ ಓಡಾಡಿದರೆ ಒಬ್ಬರಿಗೆ ಶುಲ್ಕವೇ 800 ಡಾಲರ್. ಬುಕ್ ಮಾಡುವ ಮುಂಚೆ ಆ ವರ್ಷದ ದರ ಮತ್ತೊಮ್ಮೆ ನೋಡಿಕೊಳ್ಳಿ.

ದುಡ್ಡು ಉಳಿಸುವ ದಾರಿಯೂ ಇದೆ. ಕ್ಯಾಂಪ್ ಗೇಟಿನ ಹೊರಗಿದ್ದರೆ ತಲುಪಿದ ದಿನ ಸಂಜೆ ಒಳಗೆ ಹೋಗಬೇಡಿ. ಎರಡು ಗಂಟೆ ತಿರುಗಾಟಕ್ಕೆ ಒಂದು ದಿನದ ಟಿಕೆಟ್ ದಂಡ. ಅದರ ಬದಲು ಆವತ್ತು ಮಲಗಿ, ಮರುದಿನ ಗೇಟ್ ತೆರೆಯುವ ಹೊತ್ತಿಗೆ ಅಲ್ಲಿರಿ. ಒಳಗೆ ಉಳಿದವರು ಹೊರಡುವ ದಿನ ಬೆಳಿಗ್ಗೆ 10ರೊಳಗೆ ಗೇಟ್ ದಾಟಬೇಕು, ಇಲ್ಲದಿದ್ದರೆ ಇನ್ನೊಂದು ದಿನದ ಶುಲ್ಕ ಬೀಳುತ್ತದೆ.

## ಹಂತ 3: ನದಿಯ ಯಾವ ಕಡೆ ಮಲಗುತ್ತೀರಿ?

ನಕ್ಷೆ ತೆರೆದು ಕುಳಿತುಕೊಳ್ಳಿ. ಮಾರಾ ನದಿ ರಿಸರ್ವ್ ಅನ್ನು ಎರಡು ಭಾಗ ಮಾಡುತ್ತದೆ. ಪಶ್ಚಿಮದ ಭಾಗ ಮಾರಾ ಟ್ರಯಾಂಗಲ್. ಇದನ್ನು 2001ರಿಂದ ಮಾರಾ ಕನ್ಸರ್ವೆನ್ಸಿ ಎಂಬ ಲಾಭರಹಿತ ಸಂಸ್ಥೆ ನೋಡಿಕೊಳ್ಳುತ್ತಿದೆ. ಪೂರ್ವದ ದೊಡ್ಡ ಭಾಗ ನರೋಕ್ ಕೌಂಟಿಯ ಆಡಳಿತದಲ್ಲಿದೆ. ರಿಸರ್ವ್ ಒಳಗೆ ಈ ಎರಡನ್ನೂ ಸೇರಿಸುವ ಸೇತುವೆ ದಕ್ಷಿಣದ ತುದಿಯಲ್ಲಿ, ತಾಂಜಾನಿಯಾ ಗಡಿಯ ಹತ್ತಿರ ಇರುವ ಪುರುಂಗಾಟ್ ಸೇತುವೆ. "ಆ ದಡದಲ್ಲಿ ಸೇರುತ್ತಿವೆಯಂತೆ, ಅಲ್ಲಿಗೆ ಹೋಗೋಣ" ಎಂದು ಗೈಡ್‌ಗೆ ಹೇಳುವುದು ಸುಲಭ. ಸುತ್ತಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಅಗ್ಗದ ಕ್ಯಾಂಪ್‌ಗಳು ಹೆಚ್ಚಾಗಿ ಇರುವುದು ಪೂರ್ವ ಭಾಗದ ಸೆಕೆನಾನಿ, ತಲೆಕ್ ಗೇಟ್‌ಗಳ ಸುತ್ತ. ತಪ್ಪಲ್ಲ. ಆದರೆ ಸೆಕೆನಾನಿಯಿಂದ ಮಾರಾ ನದಿಯ ದಾಟುವ ಜಾಗಗಳಿಗೆ ಒಂದು ಗಂಟೆಗಿಂತ ಜಾಸ್ತಿ ದಾರಿ, ಅದೂ ದಾರಿಯಲ್ಲಿ ಎಲ್ಲೂ ನಿಲ್ಲದಿದ್ದರೆ. ಬಜೆಟ್ ಬಿಗಿ ಇದ್ದವರಿಗೆ ಸೆಕೆನಾನಿಗಿಂತ ತಲೆಕ್ ವಾಸಿ, ನದಿಗೆ ಹತ್ತಿರ.

ಟ್ರಯಾಂಗಲ್ ಕಡೆ ಉಳಿದುಕೊಳ್ಳುವುದು ದುಬಾರಿ. ಆದರೆ ಅಲ್ಲಿ ನಿಯಮ ಬಿಗಿ, ವಾಹನ ಕಡಿಮೆ. ಕೈಯಲ್ಲಿ ಸ್ವಲ್ಪ ಜಾಸ್ತಿ ಹಣ ಇದ್ದರೆ ನನ್ನ ಆಯ್ಕೆ ಇದೇ.

ಉತ್ತರಕ್ಕೆ ಮತ್ತು ಪೂರ್ವಕ್ಕೆ ಖಾಸಗಿ ಕನ್ಸರ್ವೆನ್ಸಿಗಳಿವೆ: ಮಾರಾ ನಾರ್ತ್, ಒಲಾರೆ ಮೊಟೊರೊಗಿ, ನಬೋಯಿಶೊ. ಮಸಾಯಿ ಕುಟುಂಬಗಳ ಭೂಮಿಯನ್ನು ಗುತ್ತಿಗೆಗೆ ಪಡೆದು ನಡೆಸುವ ಜಾಗಗಳು ಇವು. ಇಲ್ಲಿ ರಾತ್ರಿ ಸಫಾರಿ, ಕಾಲ್ನಡಿಗೆ ಎರಡೂ ಉಂಟು. ರಿಸರ್ವ್ ಒಳಗೆ ಎರಡೂ ಇಲ್ಲ. ಸಿಂಹ, ಚೀತಾ ನೋಡಲು ಕನ್ಸರ್ವೆನ್ಸಿ ತುಂಬಾ ಒಳ್ಳೆಯದು. ನದಿ ನೋಡಬೇಕಾದರೆ ಮಾತ್ರ ಅಲ್ಲಿಂದ ರಿಸರ್ವ್‌ಗೆ ಬರಬೇಕು, ಬಂದ ದಿನದ ಟಿಕೆಟ್ ಬೇರೆ.

## ಹಂತ 4: ವಾಹನ, ಗೈಡ್, ಕರಾರು

ಕಬಿನಿ, ಬಂಡೀಪುರದ ಅಭ್ಯಾಸ ಇದ್ದವರು ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ಎಂದುಕೊಂಡು ಹೋಗುತ್ತಾರೆ. ನದಿ ದಾಟುವುದನ್ನು ನೋಡಲು ಆ ಲೆಕ್ಕ ಆಗುವುದಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ವಾಹನ ನಿಮ್ಮ ಕೈಯಲ್ಲಿರಬೇಕು.

ಮೇಲ್ಛಾವಣಿ ಎತ್ತುವ ಲ್ಯಾಂಡ್ ಕ್ರೂಸರ್ ಕೇಳಿ. ಅದೇ ರೀತಿ ಛಾವಣಿ ಎತ್ತುವ ಮಿನಿವ್ಯಾನ್ ಅಗ್ಗ, ಆದರೆ ಮಾರಾದ ಮಣ್ಣು ನಮ್ಮ ಉತ್ತರ ಕರ್ನಾಟಕದ ಎರೆಮಣ್ಣಿನ ಜಾತಿಯದ್ದೇ. ಆಗಸ್ಟ್‌ನಲ್ಲೂ ಮಧ್ಯಾಹ್ನ ಒಂದು ಜೋರು ಮಳೆ ಬಿದ್ದರೆ ಸಾಕು, ವ್ಯಾನ್ ಹೂತುಕೊಳ್ಳುತ್ತದೆ.

ಹಣ ಕಳಿಸುವ ಮುಂಚೆ ಏಜೆಂಟ್‌ಗೆ ಬರಹದಲ್ಲೇ ಕೇಳಬೇಕಾದವು:

1. ವಾಹನ ನಮಗೊಬ್ಬರಿಗೇನಾ, ಬೇರೆಯವರ ಜೊತೆಗಾ? ಹಂಚಿಕೊಂಡರೆ ಒಟ್ಟು ಎಷ್ಟು ಜನ, ಎಲ್ಲರಿಗೂ ಕಿಟಕಿ ಸೀಟು ಇದೆಯಾ?
2. ಪ್ರವೇಶ ಶುಲ್ಕ ಸೇರಿದೆಯಾ? ಎಷ್ಟು ದಿನದ್ದು, ನದಿಯ ಯಾವ ಭಾಗದ್ದು?
3. ಇಡೀ ದಿನ ಹೊರಗಿರಲು ಡೀಸೆಲ್ ಮತ್ತು ಕಿಲೋಮೀಟರ್ ಮಿತಿ ಇದೆಯಾ?
4. ವಾಹನದಲ್ಲಿ ರೇಡಿಯೊ ಇದೆಯಾ?
5. ಗೈಡ್‌ಗೆ ಕೀನ್ಯಾದ ವೃತ್ತಿಪರ ಸಫಾರಿ ಗೈಡ್‌ಗಳ ಸಂಘದ ಕಂಚು, ಬೆಳ್ಳಿ ಅಥವಾ ಚಿನ್ನದ ದರ್ಜೆ ಇದೆಯಾ?

ಹಂಚಿಕೊಂಡ ವಾಹನದ ತೊಂದರೆ ನದಿ ದಡದಲ್ಲಿ ಗೊತ್ತಾಗುತ್ತದೆ. ನೀವು ಕಾಯೋಣ ಎನ್ನುತ್ತೀರಿ, ಪಕ್ಕದವರು ಊಟಕ್ಕೆ ಹೋಗೋಣ ಎನ್ನುತ್ತಾರೆ. ಮೂರು ಗಂಟೆ ಕಾದ ಮೇಲೆ ಬಹುಮತ ಊಟದ ಕಡೆಗೇ ಇರುತ್ತದೆ. ಪರಿಚಿತರ ಎರಡು ಕುಟುಂಬ ಸೇರಿ ಒಂದು ವಾಹನ ಹಿಡಿಯುವುದು ಒಳ್ಳೆಯ ಉಪಾಯ.

ಎಚ್ಚರಿಕೆಯ ಸೂಚನೆಗಳು: ಪೂರ್ತಿ ಹಣ ಮುಂಗಡ ಕೇಳುವುದು, ಹಣವನ್ನು ಯಾರದೋ ವೈಯಕ್ತಿಕ ಖಾತೆಗೆ ಹಾಕಿ ಎನ್ನುವುದು, ಕ್ಯಾಂಪ್ ಹೆಸರು ಬರೆಯದೆ "ಅಥವಾ ಅದೇ ದರ್ಜೆಯದ್ದು" ಎಂದಷ್ಟೇ ಬರೆಯುವುದು. ಹೈ ಸೀಸನ್ನಿನಲ್ಲಿ ದಿನದ ಶುಲ್ಕವೇ 200 ಡಾಲರ್ ಇರುವಾಗ, ಅದಕ್ಕಿಂತ ಸ್ವಲ್ಪ ಜಾಸ್ತಿ ದುಡ್ಡಿಗೆ ಊಟ, ವಸತಿ, ವಾಹನ ಎಲ್ಲ ಕೊಡುತ್ತೇನೆ ಎನ್ನುವವರ ಲೆಕ್ಕದಲ್ಲಿ ಏನೋ ಬಿಟ್ಟುಹೋಗಿದೆ ಅಲ್ವಾ?

ಬಲೂನ್ ಹಾರಾಟ ಸೇರಿಸಲಾ ಎಂದು ಎಲ್ಲರೂ ಕೇಳುತ್ತಾರೆ. ಚೆನ್ನಾಗಿರುತ್ತದೆ. ಆದರೆ ಬಜೆಟ್‌ನಲ್ಲಿ ಒಂದನ್ನೇ ಆರಿಸಬೇಕಾದರೆ ಆ ದುಡ್ಡಿಗೆ ಮಾರಾದಲ್ಲಿ ಇನ್ನೊಂದು ರಾತ್ರಿ ಉಳಿಯಿರಿ.

## ಹಂತ 5: ವಿಮಾನ, ಅನುಮತಿ, ಲಸಿಕೆ

ಮುಂಬೈಯಿಂದ ನೈರೋಬಿಗೆ ನೇರ ವಿಮಾನ ಇದೆ. ಬೆಂಗಳೂರಿನಿಂದ ಹೊರಡುವವರು ಮುಂಬೈ, ಅಡಿಸ್ ಅಬಾಬಾ ಅಥವಾ ಕೊಲ್ಲಿ ದೇಶಗಳ ಮೂಲಕ ಹೋಗಬಹುದು. ನೈರೋಬಿಯಿಂದ ಮಾರಾಕ್ಕೆ ಸಣ್ಣ ವಿಮಾನಗಳು ಹಾರುವುದು ವಿಲ್ಸನ್ ವಿಮಾನ ನಿಲ್ದಾಣದಿಂದ. ಅಂತರರಾಷ್ಟ್ರೀಯ ವಿಮಾನ ಇಳಿಯುವ ಜೋಮೊ ಕೆನ್ಯಾಟ್ಟಾ ಬೇರೆ ನಿಲ್ದಾಣ, ಮಧ್ಯೆ ನೈರೋಬಿಯ ಟ್ರಾಫಿಕ್. ಎರಡರ ನಡುವೆ ಅರ್ಧ ದಿನ ಬಿಡಿ.

2024ರ ಜನವರಿಯಿಂದ ಕೀನ್ಯಾಕ್ಕೆ ವೀಸಾ ಬದಲು ಇ-ಟಿಎ ಎಂಬ ಆನ್‌ಲೈನ್ ಪ್ರವೇಶ ಅನುಮತಿ ಬಂದಿದೆ. ಸರ್ಕಾರಿ ಜಾಲತಾಣದಲ್ಲೇ ಅರ್ಜಿ ಹಾಕಿ. ಹುಡುಕಿದಾಗ ಮೇಲೆ ಕಾಣುವ ಎಷ್ಟೋ ತಾಣಗಳು ಮಧ್ಯವರ್ತಿಗಳದ್ದು, ಸುಮ್ನೆ ಹೆಚ್ಚು ಹಣ ಕೀಳುತ್ತವೆ. ಪಾಸ್‌ಪೋರ್ಟ್‌ಗೆ ಇನ್ನೂ 6 ತಿಂಗಳು ಅವಧಿ ಇರಬೇಕು.

ಹಳದಿ ಜ್ವರದ ಲಸಿಕೆಯಲ್ಲಿ ಎಡವುವವರು ಬಹಳ. ಭಾರತದಿಂದ ನೇರವಾಗಿ ನೈರೋಬಿಗೆ ಇಳಿದಾಗ ಅದನ್ನು ಯಾರೂ ಕೇಳದೇ ಇರಬಹುದು. ಕೇಳುವುದು ವಾಪಸ್ ಬಂದಾಗ, ನಮ್ಮ ವಿಮಾನ ನಿಲ್ದಾಣದಲ್ಲಿ. ಪ್ರಮಾಣಪತ್ರ ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಲಸಿಕೆ ಹಾಕಿಸಿದ 10 ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಎಲ್ಲ ದಿನವೂ ಹಾಕುವುದಿಲ್ಲ. ಹಾಗಾಗಿ ಒಂದು ತಿಂಗಳು ಮೊದಲೇ ಮುಗಿಸಿ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. 60 ದಾಟಿದವರು, ಗರ್ಭಿಣಿಯರು, ಮೊಟ್ಟೆ ಅಲರ್ಜಿ ಇರುವವರು ಮೊದಲು ವೈದ್ಯರನ್ನು ಕೇಳಬೇಕು.

ಮಲೇರಿಯಾಕ್ಕೆ ಮುಂಜಾಗ್ರತೆ ಮಾತ್ರೆ ಇದೆ. ಯಾವುದು ಎಂದು ವೈದ್ಯರೇ ಹೇಳಲಿ. ಇದರಲ್ಲಿ ಸಾಮಾನ್ಯ ತಪ್ಪು, ಮನೆಗೆ ಬಂದ ದಿನವೇ ಮಾತ್ರೆ ನಿಲ್ಲಿಸುವುದು. ಡಾಕ್ಸಿಸೈಕ್ಲಿನ್ ಆದರೆ ವಾಪಸ್ ಬಂದ ಮೇಲೂ 4 ವಾರ ನುಂಗಬೇಕು.

## ಹಂತ 6: ಚೀಲ ಕಟ್ಟುವುದು

ಸಣ್ಣ ವಿಮಾನದಲ್ಲಿ ಹೋಗುವುದಾದರೆ ಸಾಮಾನ್ಯವಾಗಿ 15 ಕೆಜಿ ಮಿತಿ, ಕ್ಯಾಮೆರಾ ಸೇರಿ. ಮೆತ್ತನೆಯ ಬಟ್ಟೆ ಚೀಲ ಬೇಕು. ಚಕ್ರದ ಗಟ್ಟಿ ಸೂಟ್‌ಕೇಸ್ ನೈರೋಬಿಯಲ್ಲೇ ಉಳಿಯುತ್ತದೆ.

ಆಫ್ರಿಕಾ ಅಂದರೆ ಸೆಕೆ ಎಂದುಕೊಂಡು ಬರೀ ಟೀ ಶರ್ಟ್ ತುಂಬಬೇಡಿ. ಮಾರಾ ಸಮುದ್ರ ಮಟ್ಟದಿಂದ 1,500 ಮೀಟರ್‌ಗೂ ಮೇಲಿದೆ. ಬೆಳಿಗ್ಗೆ 6ಕ್ಕೆ ಛಾವಣಿ ತೆರೆದ ಗಾಡಿಯಲ್ಲಿ ನಡುಕ ಬರುತ್ತದೆ. ಜಾಕೆಟ್, ಟೋಪಿ ಬೇಕೇ ಬೇಕು. ಬಟ್ಟೆ ಮಣ್ಣಿನ ಬಣ್ಣದ್ದಿರಲಿ. ಕಡು ನೀಲಿ ಮತ್ತು ಕಪ್ಪು ಬಣ್ಣ ಕಚ್ಚುವ ತ್ಸೆತ್ಸೆ ನೊಣವನ್ನು ಸೆಳೆಯುತ್ತವೆ. ಸೈನಿಕರ ಮಚ್ಚೆ ವಿನ್ಯಾಸದ ಬಟ್ಟೆ ಬೇಡ, ಪೊಲೀಸರು ತಕರಾರು ಮಾಡಬಹುದು.

ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ಕೀನ್ಯಾದಲ್ಲಿ 2017ರಿಂದ ನಿಷೇಧ. ಕೋಡುಬಳೆ, ಚಟ್ನಿಪುಡಿ ತೆಗೆದುಕೊಂಡು ಹೋಗುವವರು ಡಬ್ಬಿಯಲ್ಲಿ ತುಂಬಿ. ಡ್ರೋನ್ ಮನೆಯಲ್ಲೇ ಇರಲಿ. ಪ್ಲಗ್ ದೊಡ್ಡ ಮೂರು ಚಪ್ಪಟೆ ಪಿನ್ನಿನ ಬ್ರಿಟಿಷ್ ಮಾದರಿ, ಅಡಾಪ್ಟರ್ ಬೇಕು. ಒಬ್ಬೊಬ್ಬರಿಗೆ ಒಂದೊಂದು ಬೈನಾಕ್ಯುಲರ್ ಇರಲಿ. 8x42 (8 ಪಟ್ಟು ಹಿಗ್ಗಿಸುವ, 42 ಮಿ.ಮೀ. ಲೆನ್ಸಿನದ್ದು) ಸಾಕು. ಒಂದನ್ನೇ ನಾಲ್ವರು ಹಂಚಿಕೊಂಡರೆ ಜಗಳ ಖಚಿತ.

## ಹಂತ 7: ನದಿ ದಡದ ದಿನ

ಬೆಳಗಿನ ಮೊದಲ ಎರಡು ಮೂರು ಗಂಟೆ ಸಿಂಹ, ಚೀತಾ, ಚಿರತೆಗೆ ಕೊಡಿ. ಬಿಸಿಲೇರಿದ ಮೇಲೆ ಅವು ಮಲಗುತ್ತವೆ. 9ರ ಹೊತ್ತಿಗೆ ನದಿ ಕಡೆ ಹೋಗಿ ಸಂಜೆ 4ರವರೆಗೆ ಅಲ್ಲೇ ಇರುವ ಮನಸ್ಸು ಮಾಡಿ. ಊಟ ಕಟ್ಟಿಸಿಕೊಳ್ಳಿ. ಸಸ್ಯಾಹಾರಿಗಳು ಹಿಂದಿನ ರಾತ್ರಿಯೇ ಅಡುಗೆಯವರಿಗೆ ಮೊಟ್ಟೆಯೂ ಬೇಡ ಎಂದು ಬಿಡಿಸಿ ಹೇಳಬೇಕು. ಹೊರಡುವ ಮುಂಚೆ ಶೌಚಕ್ಕೆ ಹೋಗಿ ಬನ್ನಿ. ಗೈಡ್ ಜಾಗ ನೋಡಿ ಸರಿ ಎನ್ನದೆ ಗಾಡಿಯಿಂದ ಇಳಿಯುವ ಹಾಗಿಲ್ಲ.

ದಾಟುವ ಸೂಚನೆಗಳು. ದೂರದ ಬಯಲಿನಿಂದ ಸಾಲು ಸಾಲಾಗಿ, ಒಂದರ ಹಿಂದೆ ಒಂದು ನದಿ ಕಡೆ ನಡೆದು ಬರುತ್ತವೆ. ದಡದಲ್ಲಿ ಗುಂಪು ದಪ್ಪವಾಗುತ್ತದೆ, ಧೂಳು ಏಳುತ್ತದೆ, ಗೊರಗೊರ ಸದ್ದು ಜೋರಾಗುತ್ತದೆ. ಹಿಂದಿನವು ತಳ್ಳುತ್ತವೆ, ಮುಂದಿನವು ನೀರು ನೋಡಿ ಹಿಂಜರಿಯುತ್ತವೆ. ಎಷ್ಟೋ ಸಲ ಜೀಬ್ರಾಗಳು ಮೊದಲು ಇಳಿದು ನೀರಿನ ತನಕ ಬರುತ್ತವೆ. ಒಂದು ಹಾರಿತೋ, ಉಳಿದವು ನಿಲ್ಲುವುದಿಲ್ಲ.

ಸದ್ಯಕ್ಕೆ ದಾಟುವುದಿಲ್ಲ ಎನ್ನುವ ಸೂಚನೆಗಳು. ತಲೆ ತಗ್ಗಿಸಿ ಹಾಯಾಗಿ ಮೇಯುತ್ತಿವೆ, ಕೆಲವು ಮಲಗಿವೆ, ಮುಂದಿನ ಸಾಲು ನದಿಗೆ ಬೆನ್ನು ಹಾಕಿದೆ. ಪೊದೆಯಲ್ಲಿ ಸಿಂಹ ಕಂಡರೆ, ನೀರಿನಲ್ಲಿ ಮೊಸಳೆ ಅಲುಗಿದರೆ ಇಡೀ ಹಿಂಡು ಓಡಿಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಅವೇ ಮತ್ತೆ ಬರುವುದೂ ಉಂಟು. ಮೇಯುವ ಹಿಂಡನ್ನು ಬಿಟ್ಟು ಹೋಗಬಹುದು. ದಡದಲ್ಲಿ ಒತ್ತಾಗಿ ನಿಂತ ಹಿಂಡನ್ನು ಮಾತ್ರ ಊಟಕ್ಕೋಸ್ಕರ ಬಿಟ್ಟು ಹೋಗಬೇಡಿ.

ಗಾಡಿ ಎಲ್ಲಿ ನಿಲ್ಲಬೇಕು? ದಡದಿಂದ ದೂರ, ಹಿಂಡು ಬರುವ ದಾರಿ ಬಿಟ್ಟು, ಆದಷ್ಟೂ ಮರ ಪೊದೆಗಳ ಮರೆಯಲ್ಲಿ. ದಾಟುವುದು ಶುರುವಾಗಿ ಹಿಂಡಿನ ಸಾಲು ಕುದುರಿಕೊಂಡ ಮೇಲಷ್ಟೇ ಮುಂದಕ್ಕೆ ಹೋಗುವುದು ಒಳ್ಳೆಯ ಗೈಡ್‌ಗಳ ಪದ್ಧತಿ. ನಿಮ್ಮ ಗೈಡ್ ಹಿಂದೆ ನಿಂತಾಗ "ಅವರೆಲ್ಲ ಮುಂದೆ ಹೋದರು, ನಾವೂ ಹೋಗೋಣ" ಎಂದು ಪೀಡಿಸಬೇಡಿ. ಒಂದು ಗಾಡಿ ಅಂಚಿಗೆ ಹೋದರೆ ಸಾಕು, ಗಂಟೆಗಟ್ಟಲೆ ಕಟ್ಟಿದ ಗುಂಪು ಚದುರುತ್ತದೆ. ಗೈಡ್‌ಗಳು ನಿಯಮ ಮುರಿಯುವುದು ಹೆಚ್ಚಾಗಿ ಗಿರಾಕಿಗಳ ಒತ್ತಾಯಕ್ಕೆ, ಟಿಪ್ಸ್ ತಪ್ಪೀತು ಎಂಬ ಭಯಕ್ಕೆ. ಮೊದಲ ದಿನವೇ "ನಮಗೆ ಆತುರ ಇಲ್ಲ, ನೀವು ಹೇಳಿದ ಹಾಗೆ ಮಾಡೋಣ" ಎಂದು ಹೇಳಿಬಿಡಿ. ಅವರ ಮುಖವೇ ಅರಳುತ್ತದೆ.

ಶುರುವಾದ ಮೇಲೆ. ಕೂಗಬೇಡಿ, ಛಾವಣಿ ಮೇಲೆ ಹತ್ತಬೇಡಿ. ಕ್ಯಾಮೆರಾದ ಶಟರ್ 1/1000 ಸೆಕೆಂಡ್ ಅಥವಾ ಅದಕ್ಕಿಂತ ವೇಗಕ್ಕೆ ಮೊದಲೇ ಇಟ್ಟಿರಿ. ಧೂಳಿನಲ್ಲಿ ಲೆನ್ಸ್ ಬದಲಿಸಬೇಡಿ. ಫೋನ್ ಆದರೆ ಅಡ್ಡ ಹಿಡಿದು, ಝೂಮ್ ಮಾಡದೆ, ಅಲುಗಿಸದೆ ವಿಡಿಯೊ ಮಾಡಿ. ಮೊದಲ ಒಂದು ನಿಮಿಷ ಏನೂ ತೆಗೆಯದೆ ನೋಡಿ. ಕೆಲವು ಸಲ ಹತ್ತು ನಿಮಿಷಕ್ಕೆ ಎಲ್ಲ ಮುಗಿಯುತ್ತದೆ, ಆಮೇಲೆ ನೋಡೋಣ ಎಂದರೆ ಆಮೇಲೆ ಇರುವುದಿಲ್ಲ.

ಮಕ್ಕಳಿದ್ದರೆ ಮೊದಲೇ ಹೇಳಿಟ್ಟಿರಿ. ಇಲ್ಲಿ ಸಾವು ಕಾಣುತ್ತದೆ. ಮೊಸಳೆ ಹಿಡಿಯುವುದಕ್ಕಿಂತ ಜಾಸ್ತಿ ಸಾಯುವುದು ಮುಳುಗಿ, ತುಳಿತಕ್ಕೆ ಸಿಕ್ಕಿ. ವರ್ಷಕ್ಕೆ ಸರಾಸರಿ 6,000ಕ್ಕೂ ಹೆಚ್ಚು ಮುಳುಗಿ ಸಾಯುತ್ತವೆ. ಕೆಳಹರಿವಿನಲ್ಲಿ ಹೆಣಗಳ ಮೇಲೆ ರಣಹದ್ದು, ಮರಬೂ ಕೊಕ್ಕರೆಗಳು ಕುಳಿತಿರುತ್ತವೆ. ನಾತವೂ ಇರುತ್ತದೆ.

ಮುಗಿಯಿತು ಎಂದು ತಕ್ಷಣ ಗಾಡಿ ತಿರುಗಿಸಬೇಡಿ. ತಾಯಿ ಕಳೆದುಕೊಂಡ ಮರಿಗಳು ದಡದಲ್ಲಿ ಕೂಗುತ್ತಾ ಓಡಾಡುತ್ತವೆ, ಕೆಲವು ತಾಯಂದಿರು ಮತ್ತೆ ಈಜಿ ವಾಪಸ್ ಬರುತ್ತವೆ. ಅಷ್ಟು ಹೊತ್ತಿಗೆ ಅರ್ಧ ಗಾಡಿಗಳು ಹೊರಟಿರುತ್ತವೆ, ನೋಟವೂ ಸಲೀಸು.

## ಹಂತ 8: ಉಳಿದ ಹೊತ್ತು

ರೇಡಿಯೊದಲ್ಲಿ ಗೈಡ್‌ಗಳು ಸ್ವಾಹಿಲಿಯಲ್ಲಿ ಮಾತಾಡುತ್ತಾರೆ. ಸಿಂಬಾ ಸಿಂಹ, ಚುಯಿ ಚಿರತೆ, ದುಮಾ ಚೀತಾ, ಕಿಫಾರು ಘೇಂಡಾಮೃಗ, ನ್ಯುಂಬು ವೈಲ್ಡ್‌ಬೀಸ್ಟ್. ಇಷ್ಟು ಗೊತ್ತಿದ್ದರೆ ಕ್ಯಾಮೆರಾ ಕೈಗೆ ಬೇಗ ಬರುತ್ತದೆ.

ಬೇಟೆಯಾಡುವ ಪ್ರಾಣಿಗಳ ಹತ್ತಿರ ಒಮ್ಮೆಗೆ 5 ಗಾಡಿಗಿಂತ ಹೆಚ್ಚು ನಿಲ್ಲಬಾರದು, 25 ಮೀಟರ್ ದೂರ ಇರಬೇಕು. ಚೀತಾ ಎದ್ದು ಹೊಂಚು ಹಾಕುತ್ತಿದ್ದರೆ ಹಿಂದೆ ಬೀಳಬೇಡಿ. ಗಾಡಿ ನಡುವೆ ಬಂದರೆ ಅದರ ಊಟ ತಪ್ಪುತ್ತದೆ. ರಿಸರ್ವ್ ಒಳಗೆ ದಾರಿ ಬಿಟ್ಟು ಹುಲ್ಲಿಗೆ ಇಳಿದರೆ ದಂಡ.

ಮಸಾಯಿ ಹಳ್ಳಿ ನೋಡಲು ಹೋಗುವುದಾದರೆ ಒಟ್ಟು ಎಷ್ಟು, ಯಾರ ಕೈಗೆ ಎಂದು ಒಳಗೆ ಹೋಗುವ ಮುಂಚೆಯೇ ಮಾತಾಡಿಕೊಳ್ಳಿ. ಗೈಡ್‌ಗೆ ದಿನಕ್ಕೆ ಒಂದು ಗಾಡಿಯಿಂದ 10–20 ಡಾಲರ್ ಟಿಪ್ಸ್ ರೂಢಿ, ಕೊನೆಯ ದಿನ ಒಟ್ಟಿಗೆ ಕೊಡುತ್ತಾರೆ. ಹಳೆಯ, ಹರಿದ ಡಾಲರ್ ನೋಟುಗಳನ್ನು ಅಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ, ಇಲ್ಲೇ ಹೊಸ ನೋಟು ಕೇಳಿ ಪಡೆಯಿರಿ.

## ಹಂತ 9: ವಾಪಸ್ ಬಂದ ಮೇಲೆ

ಹಳದಿ ಜ್ವರದ ಪ್ರಮಾಣಪತ್ರ ಕೈಚೀಲದಲ್ಲಿರಲಿ, ಚೆಕ್-ಇನ್ ಲಗೇಜಿನಲ್ಲಿ ಅಲ್ಲ. ಇಮಿಗ್ರೇಷನ್‌ಗಿಂತ ಮುಂಚೆಯೇ ಕೇಳುತ್ತಾರೆ.

ಮುಂದಿನ ಕೆಲವು ತಿಂಗಳಲ್ಲಿ ಯಾವಾಗ ಜ್ವರ ಬಂದರೂ ಅದೇ ದಿನ ರಕ್ತಪರೀಕ್ಷೆ ಮಾಡಿಸಿ. "ಆಫ್ರಿಕಾಕ್ಕೆ ಹೋಗಿದ್ದೆ, ಇಂಥ ತಾರೀಖಿಗೆ ಬಂದೆ" ಎಂದು ವೈದ್ಯರಿಗೆ ನೀವಾಗಿಯೇ ಹೇಳಿ, ಅವರು ಕೇಳಲಿ ಎಂದು ಕಾಯಬೇಡಿ. ಅಲ್ಲಿ ಹೆಚ್ಚಾಗಿರುವುದು ಫಾಲ್ಸಿಪೇರಂ ಮಲೇರಿಯಾ, ಬೇಗ ಉಲ್ಬಣಿಸುವಂಥದ್ದು. ಪ್ಯಾರಾಸಿಟಮಾಲ್ ನುಂಗಿ ಎರಡು ದಿನ ನೋಡೋಣ ಎನ್ನುವ ಜ್ವರ ಅದಲ್ಲ. ಮಾತ್ರೆ ಪೂರ್ತಿ ತೆಗೆದುಕೊಂಡಿದ್ದರೂ ಪರೀಕ್ಷೆ ಮಾಡಿಸಲೇಬೇಕು.